ಕೆಂಪರಾಜನಿಗೆ ಮೀಟರ್ ಹಿಡಿದದ್ದು

"ಮೊದ್ಲು ನನ್ನ ಮುಚ್ಚಿ, ಆಮೇಲೆ ಅವನ್ನ ತನ್ನಿ," ಎಂದು ಅಪ್ಪಯ್ಯಣ್ಣ ಗೆಳೆಯ ಕೆಂಪರಾಜನಿಗಾಗಿ ಹೊಲದ ಬದುವಿನ ಪಕ್ಕ ತೋಡಿದ್ದ ಗುಂಡಿಗೆ ಇಳಿದು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

ಗುದ್ದಲಿ ಹಿಡಿದಿದ್ದ ಮಂಜೇಶ್ ತಲೆ ಕೆರೆದುಕೊಂಡ. "ಅಣ್ಣೋ, ಎದ್ದೇಳು. ಬಾಡಿ ಬರೋ ಹೊತ್ತಾಯ್ತು."

"ಬರ್ಲಿ. ಇಪ್ಪತ್ತೇಳು ವರ್ಷ ಅಣು ಕರೆಂಟ್ ಸ್ಥಾವರದಲ್ಲಿ ಒಳಗೆ ಕೆಲಸ ಮಾಡೋರ ಬಟ್ಟೆ ಒಗ್ದವ್ನೆ. ಆ ವಿಕಿರಣ ಮೈಗೆ ಹತ್ಕೊಂಡಿರಲ್ವೇನೋ? ಇಲ್ಲಿ ಹೂತ್ರೆ ಸೀದಾ ನನ್ನ ಬೋರ್‌ವೆಲ್ಲಿಗೆ ಇಳಿಯುತ್ತೆ. ಸುಟ್ಟುಬಿಡ್ರಿ."

"ಸುಟ್ರೆ ಹೊಗೆ ನಮ್ಮನೆ ಕಡೆ ಬರಲ್ವಾ?" ಎಂದಳು ಪಕ್ಕದ ಹೊಲದ ನರಸಮ್ಮ, ಈಗಲೇ ಸೆರಗಿನಿಂದ ಮೂಗು ಮುಚ್ಚಿಕೊಂಡು.

ಕೆಂಪರಾಜನ ಹೆಂಡತಿ ಲಕ್ಷ್ಮೀದೇವಮ್ಮ ಅಳು ನಿಲ್ಲಿಸಿ ಗುಂಡಿಯೊಳಗೆ ಬಗ್ಗಿ ನೋಡಿದಳು. "ಏನಣ್ಣಾ, ಹನ್ನೊಂದು ವರ್ಷ ಅವರ ಪಕ್ಕದಲ್ಲೇ ಕೂತು ಮುದ್ದೆ ಉಂಡೆಯಲ್ಲ, ಆಗ ಹತ್ಲಿಲ್ವಾ?"

ಅಪ್ಪಯ್ಯಣ್ಣ ಗುಂಡಿಯಲ್ಲೇ ಇನ್ನಷ್ಟು ಭದ್ರವಾಗಿ ಕೂತ.

*

ಕೆಂಪರಾಜ ನಿವೃತ್ತನಾಗಿ ದೊಡ್ಡಬಳ್ಳಾಪುರದ ಪಕ್ಕದ ಈ ಊರಿಗೆ ಮರಳಿದಂದಿನಿಂದ, ಇಬ್ಬರ ಹೊಲದ ನಡುವಿನ ಬದುವಿನ ಹೊಂಗೆ ಮರದಡಿಯ ಕಲ್ಲುಚಪ್ಪಡಿಯ ಮೇಲೆ ಇಬ್ಬರಿಗೂ ದಿನಾ ಒಂದೇ ಜಗಳ.

"ನಿಂಗೆ ಮೋಟ್ರು ಓಡ್ಬೇಕು, ಕರೆಂಟ್ ಹುಟ್ಟೋ ಜಾಗ ಮಾತ್ರ ಬೇಡ. ಹೊಗೆ ಇಲ್ಲ, ಬೂದಿ ಇಲ್ಲ, ಮಳೆ ಹೋದ್ರೂ ನಿಲ್ಲಲ್ಲ. ಇನ್ನೇನ್ಲಾ ಬೇಕು?" ಎನ್ನುತ್ತಿದ್ದ ಕೆಂಪರಾಜ.

"ಬೂದಿ ಇಲ್ದಿದ್ರೇನು, ಉಳಿಯೋ ಕಸ ಇದೆಯಲ್ಲ? ಸಾವಿರಾರು ವರ್ಷ ಹಂಗೇ ಇರುತ್ತಂತೆ. ನೀನು ಸತ್ತ ಮೇಲೆ ಅದನ್ನ ಯಾರ್ಲಾ ಕಾಯ್ತಾರೆ?"

ಈ ಪ್ರಶ್ನೆಗೆ ಮಾತ್ರ ಕೆಂಪರಾಜ ಬೀಡಿ ಹಚ್ಚುತ್ತಿದ್ದ. ಅದು ಮುಗಿಯುವುದರೊಳಗೆ ಕರೆಂಟ್ ಬಂದು ಮೋಟರ್ ಗುರ್ರೆಂದರೆ, ನೀರು ತಿರುಗಿಸಲು ಅಪ್ಪಯ್ಯಣ್ಣ ಎದ್ದು ಓಡುತ್ತಿದ್ದ.

*

ಚಟ್ಟ ಬಂದು ಇಳಿಯುವುದಕ್ಕೂ ಅಪ್ಪಯ್ಯಣ್ಣನ ಮಗಳು ಚೈತ್ರ ಸ್ಕೂಟರ್ ನಿಲ್ಲಿಸುವುದಕ್ಕೂ ಸರಿಹೋಯಿತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು, ಅಪ್ಪನ ಹಟದ ಸುದ್ದಿ ಕೇಳಿ ಅಲ್ಲಿಂದ ವಿಕಿರಣ ಅಳೆಯುವ ಮೀಟರ್ ತಂದಿದ್ದಳು.

"ವಿಕಿರಣ ಹೆಚ್ಚಿದ್ರೆ ಬೇಗ ಬೇಗ ಟಿಕ್ ಅನ್ನುತ್ತೆ," ಎಂದು ಕೆಂಪರಾಜನ ತಲೆಯಿಂದ ಕಾಲಿನವರೆಗೆ ಹಿಡಿದಳು. ಟಿಕ್... ಟಿಕ್... ನರಸಮ್ಮ ನಾಲ್ಕು ಹೆಜ್ಜೆ ಹಿಂದೆ ಹೋದಳು.

"ಬರೀ ಗಾಳಿಗೆ ಹಿಡಿದ್ರೂ ಇಷ್ಟೇ," ಎಂದಳು ಚೈತ್ರ.

"ಅದು ಕೆಟ್ಟಿರ್ಬೇಕು," ಎಂದು ಅಪ್ಪಯ್ಯಣ್ಣ ಗುಂಡಿಯಿಂದ ಹತ್ತಿ ಬಂದು ಪಕ್ಕದಲ್ಲೇ ಇದ್ದ ಹೊಂಗೆ ಮರದಡಿಯ ಚಪ್ಪಡಿಯ ಮೇಲೆ ಕುಸಿದು ಕೂತ. ಚೈತ್ರ ಮೀಟರನ್ನು ಅವನ ಪಕ್ಕದಲ್ಲಿಟ್ಟಳು.

ಟಿಕ್ ಟಿಕ್ ಟಿಕ್ ಟಿಕ್.

ಚೇಳು ಕಡಿದವನಂತೆ ಅವನು ಎಗರಿದ.

"ಬೆಟ್ಟದ ಕಲ್ಲು ಕಣಪ್ಪ. ಅದರಲ್ಲಿ ಮೊದಲಿಂದ್ಲೂ ಒಂಚೂರು ವಿಕಿರಣ ಇರುತ್ತೆ. ಹೆದರೋವಷ್ಟಲ್ಲ."

"ಹನ್ನೊಂದು ವರ್ಷ ಇದರ ಮೇಲೇ ಕೂತು ಅವನ್ನ ಬೈದ್ನಲ್ಲಮ್ಮಾ!"

ಲಕ್ಷ್ಮೀದೇವಮ್ಮ ಸೆರಗು ಬಾಯಿಗಿಟ್ಟುಕೊಂಡಳು. ನಕ್ಕಳೋ ಅತ್ತಳೋ ಯಾರಿಗೂ ತಿಳಿಯಲಿಲ್ಲ.

ಕೆಂಪರಾಜನನ್ನು ಗುಂಡಿಗೆ ಇಳಿಸಿ ಮನೆಯವರೆಲ್ಲ ಹಾಕಿದ ಮೇಲೆ ಅಪ್ಪಯ್ಯಣ್ಣನೂ ಮೂರು ಹಿಡಿ ಮಣ್ಣು ಹಾಕಿದ. ಜನ ಊರ ಕಡೆ ಹೊರಟರು.

"ಬಾರಪ್ಪ," ಎಂದಳು ಚೈತ್ರ.

"ನೀನು ನಡಿ. ಇವನ್ನ ಯಾರಾದ್ರೂ ಕಾಯ್ಬೇಕಲ್ಲ."

ಹೆಗಲ ಟವೆಲನ್ನು ನಾಲ್ಕು ಮಡಿಕೆ ಮಾಡಿ, ಚಪ್ಪಡಿಯ ಮೇಲೆ ತಾನು ದಿನಾ ಕೂರುತ್ತಿದ್ದ ಕಡೆ ಹಾಸಿಕೊಂಡು ಜೋಪಾನವಾಗಿ ಕೂತ. ಒಂದು ಬೀಡಿ ಹಚ್ಚಿದ. ಆಚೆ ಮೋಟರ್ ಗುರ್ರೆಂದಿತು. ಬೀಡಿ ಇನ್ನೂ ಅರ್ಧ ಉಳಿದಿತ್ತು, ಅವನು ಏಳಲಿಲ್ಲ.