ಗಂಗೆಯ ಗಿಂಡಿ

ಎರಡು ಸಾವಿರದ ಆರರಲ್ಲಿ ನಾನೂ ನನ್ನ ಹೆಂಡತಿ ನಾಗವೇಣಿಯೂ ಕಾಶಿಯಿಂದ ವಿಮಾನದಲ್ಲಿ ವಾಪಸಾಗುವ ಹೊತ್ತಿಗೆ, ಕೈಚೀಲದಲ್ಲಿ ನೀರು ಒಯ್ಯಬಾರದೆಂಬ ಹೊಸ ಕಾನೂನು ಬಂದಿತ್ತು. ನಮಗೆ ಅದು ಗೊತ್ತಾದದ್ದು ದೊಡ್ಡ ಬ್ಯಾಗುಗಳೆಲ್ಲ ಒಳಗೆ ಹೋದಮೇಲೆ. ತಪಾಸಣೆಯವನು ನನ್ನ ಬೆಲ್ಟು, ಚಪ್ಪಲಿ ಬಿಚ್ಚಿಸಿದ, ಕವಳದ ಎಲೆಯಡಿಕೆ ಚೀಲದಿಂದ ಅಡಕತ್ತರಿ ಕಿತ್ತುಕೊಂಡ. ಕೊನೆಗೆ ತಾಮ್ರದ ಗಿಂಡಿ ಎತ್ತಿದ. ಅಂಗೈಯಷ್ಟು ಗಿಂಡಿ, ಒಳಗೆ ಗಂಗೆ, ಬಾಯಿಗೆ ಬೆಸುಗೆ. ನಮ್ಮ ಕಡೆ ಆ ಬೆಸುಗೆ ಬಿಡಿಸುವುದು ಮನೆಯಲ್ಲಿ ಯಾರಾದರೂ ಸಾಯುವಾಗ, ಬಾಯಿಗೆ ಒಂದು ಹನಿ ಬಿಡಲಿಕ್ಕೆ. ಊರು ಬಿಳಗಿಯಲ್ಲಿದ್ದ ನನ್ನ ಆಯಿ, ಎಂದರೆ ಅಮ್ಮ, ಇದನ್ನು ತನಗೆಂದೇ ತರಲು ಹೇಳಿ ಕಳಿಸಿದ್ದಳು.

“ಬಿಚ್ಚಿ, ಕುಡಿದು ತೋರಿಸಿ. ಇಲ್ಲದಿದ್ದರೆ ಕಸದ ಡಬ್ಬಿಗೆ ಹಾಕಿ,” ಎಂದು ಹಿಂದಿಯಲ್ಲಿ ಹೇಳಿದ.

“ನಿಂಗ ಕುಡಿಯಡಿ,” ಬೇಡವೆಂದು ನಾಗವೇಣಿ ನನ್ನ ಕೈ ಹಿಡಿದಳು.

ಊರಲ್ಲಾಗಿದ್ದರೆ ಅವನ ಮುಖಕ್ಕೇ ಎರಚುತ್ತಿದ್ದೆ. ಬರಿಗಾಲಲ್ಲಿ, ಜಾರುವ ಪ್ಯಾಂಟು ಹಿಡಿದು ನಿಂತವನಿಗೆ ಸಿಟ್ಟೂ ಬರಲಿಲ್ಲ. ಬೆಸುಗೆ ಬಿಡಿಸಲು ಅವನೇ ನನ್ನ ಅಡಕತ್ತರಿ ಕೊಟ್ಟ; ಕೆಲಸವಾದಮೇಲೆ ಮತ್ತೆ ಇಸಿದುಕೊಂಡ. ಒಂದು ಗುಟುಕು ಕುಡಿದೆ. ರುಚಿ ತಿಳಿಯಲಿಲ್ಲ. ಉಳಿದದ್ದನ್ನು ಒಯ್ಯಲು ಅವನು ಬಿಟ್ಟ.

ಶಿರಸಿಯಲ್ಲಿ ಮತ್ತೆ ಬೆಸುಗೆ ಹಾಕಿಸಿಕೊಂಡೇ ಮನೆಗೆ ಹೋದೆ. ಆಯಿ ಗಿಂಡಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ತುಂಬಿದ ಗಿಂಡಿ ಸದ್ದು ಮಾಡುವುದಿಲ್ಲ. ಇದು ಕುಲುಕಿತು.

“ಯಾರ ಬಾಯಿಗೆ ಬಿಟ್ಯ, ತಮಾ?”

“ಆನೇ ಕುಡ್ದೆ.”

ಆಯಿ ನನ್ನ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡಿದಳು.