ಟೈಟು, ಲೂಸು

ಮದುವೆಯ ಕೋಟು ತೊಟ್ಟು ನೋಡಲು ಹುಡುಗ ಭಾವೀ ಮಾವನ ಜೊತೆ ನನ್ನ ತಮ್ಮನ ಹೊಲಿಗೆ ಅಂಗಡಿಗೆ ಬಂದಿದ್ದ. ನಾನು ಗುಂಡಿ ಹಚ್ಚುತ್ತಿದ್ದೆ. ಪರದೆಯೊಳಗಿಂದ ತಮ್ಮನ ದನಿ ಕೇಳಿಸಿತು: “ಹೋದ ವಾರ ಫುಲ್ ಟೈಟು, ಇವತ್ತು ನೋಡಿದ್ರೆ ಲೂಸು!”

ಬೆಂಚಿನಿಂದ ಮಾವ ಎದ್ದರು. “ಕುಡುಕ, ಅದರ ಮೇಲೆ ಹುಚ್ಚ! ಇವನಿಗಾ ನನ್ನ ಮಗಳು?”

“ಕೋಟಿನ ಮಾತು ಸ್ವಾಮಿ,” ಎಂದೆ. “ಇಂಗ್ಲಿಷಲ್ಲಿ ಟೈಟ್ ಅಂದ್ರೆ ಬಿಗಿ, ಲೂಸ್ ಅಂದ್ರೆ ಸಡಿಲ, ಅಷ್ಟೇ.”

ಅವರು ನಗುತ್ತ ಕೂರುವಷ್ಟರಲ್ಲಿ ಹುಡುಗ ಪರದೆ ಸರಿಸಿ ಓಡಿಬಂದ. “ಮಾವಾ, ನಾನು ದಿನಾ ಕುಡಿಯಲ್ಲ! ಹೋದ ವಾರ ಗೆಳೆಯರು ಬಲವಂತ ಮಾಡಿದ್ರು!”

“ಯಜಮಾನ್ರೇ, ನಮ್ಮ ಕನ್ನಡದ ಅರ್ಥಾನೇ ಸರಿ, ಎರಡಕ್ಕೂ,” ಎಂದು ಮಾವ ಹೊರಟರು.

ಕೋಟು ಇನ್ನೂ ಮೊಳೆಯಲ್ಲಿ ನೇತಾಡುತ್ತಿದೆ. ಯಾರು ತೊಟ್ಟರೂ ಒಂದೋ ಟೈಟು, ಇಲ್ಲ ಲೂಸು.