ಗಾಳಿಯಣ್ಣನ ಸ್ಕೂಟರಿಗೆ ಹಸಿರು ಮುಚ್ಚಳ

ಟೈರ್ ಅಂಗಡಿಯವನನ್ನು ಆ ರಸ್ತೆಯವರೆಲ್ಲ ಗಾಳಿಯಣ್ಣ ಎಂದೇ ಕರೆಯುತ್ತಿದ್ದರು. ಅದಕ್ಕೆ ಅವನಿಗೇನೂ ಬೇಸರವಿರಲಿಲ್ಲ. "ಗಾಳಿ ಮಾರಿ ಸಂಸಾರ ನಡೆಸೋನು ನಾನೊಬ್ಬನೇ" ಎಂದು ತಾನೇ ಎದೆ ತಟ್ಟಿಕೊಳ್ಳುತ್ತಿದ್ದ. ಆದರೆ ಆ ವಾರ ಅವನ ತಲೆಗೆ ಹೊಕ್ಕಿದ್ದು ಟೈರಿನ ಗಾಳಿಯಲ್ಲ, ಗಾಳಿಮಾತು. ಅದೂ ಫೋನಿನಲ್ಲಿ ಬಂದದ್ದು.

ವಿಡಿಯೋದಲ್ಲಿ ಗಾಜಿನ ದೊಡ್ಡ ಕೊಳವೆಯಂಥ ಒಂದು ಕೋಣೆ. ಒಳಗೆ ಒಂದು ಮಗು ಮಲಗಿದೆ. ಕೋಣೆಯ ಒತ್ತಡ ಹೆಚ್ಚಿಸಿ ಶುದ್ಧ ಆಕ್ಸಿಜನ್ ಕೊಡುತ್ತಾರಂತೆ, ಮೆದುಳಿನಲ್ಲಿ ಮಲಗಿರುವ ಕಣಗಳೆಲ್ಲ ಎದ್ದು ಕೂರುತ್ತವಂತೆ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ಓಡಾಡುತ್ತಾರಂತೆ. ಎಲ್ಲ 'ಅಂತೆ'ಗಳೂ ಹಿನ್ನೆಲೆ ಸಂಗೀತದ ಜೊತೆಗೇ ಬಂದಿದ್ದವು.

"ನೋಡೇ, ಇದು ನನಗೆ ಅರ್ಥ ಆಗೋ ಚಿಕಿತ್ಸೆ! ಟೈರು ಏಳದಿದ್ರೆ ಏನ್ ಮಾಡ್ತೀವಿ? ಪ್ರೆಶರ್ ಹಾಕ್ತೀವಿ" ಎಂದು ಹೆಂಡತಿಗೆ ತೋರಿಸಿದ.

"ನಮ್ಮ ಮಗಳೇನು ಟೈರಾ ಕಣ್ರೀ?"

ಅಂಗಡಿಯ ಮೂಲೆಯಲ್ಲಿ, ಪಕ್ಕಗಳಿಗೆ ದಿಂಬಿಟ್ಟ ಕುರ್ಚಿಯ ಮೇಲೆ ಕೂತಿದ್ದ ಮಗಳು ಬಾಯಿ ತೆರೆದಳು. ಅವಳ ಮಾತು ನಿಧಾನ, ಆದರೆ ಗುರಿ ತಪ್ಪುವುದಿಲ್ಲ. "ಅಪ್ಪಾ... ನಾನು... ಟ್ಯೂಬ್‌ಲೆಸ್ಸು."

ಎಂಟು ವರ್ಷದ ಆ ಹುಡುಗಿಗೆ ಅಪ್ಪ ಇಟ್ಟ ಹೆಸರು ಓನರಮ್ಮ. ಶಾಲೆ ಬಿಟ್ಟ ಮೇಲೆ ಆ ಕುರ್ಚಿಯಿಂದಲೇ ಅಂಗಡಿ ಆಳುತ್ತಿದ್ದಳು. ಗಿರಾಕಿಗಳ ದನಿ, ಅಪ್ಪನ ಗೊಣಗಾಟ, ಕಂಪ್ರೆಸರಿನ ಕೆಮ್ಮು, ಯಾವುದನ್ನೂ ಅನುಕರಿಸದೆ ಬಿಡುತ್ತಿರಲಿಲ್ಲ. ಹುಟ್ಟುವ ಹೊತ್ತಿಗೆ ಮೆದುಳಿಗೆ ಪೆಟ್ಟಾಗಿ ಅವಳ ಕಾಲುಗಳು ಬಿಗಿದುಕೊಂಡಿದ್ದವು. ಕೈ ಹೇಳಿದ ಕಡೆ ಹೋಗಲು ತಡಮಾಡುತ್ತಿತ್ತು. ಇದನ್ನೇ ಡಾಕ್ಟರು ಸೆರೆಬ್ರಲ್ ಪಾಲ್ಸಿ ಎಂದಿದ್ದರು. ಬುದ್ಧಿ ಮಾತ್ರ ಯಾವತ್ತೂ ತಡಮಾಡಿದ್ದಿಲ್ಲ.

ವಿಡಿಯೋದಲ್ಲಿದ್ದ ಪಟ್ಟಣದ ಆ ಕೇಂದ್ರಕ್ಕೆ ಗಾಳಿಯಣ್ಣ ಫೋನ್ ಮಾಡಿಯೂ ಆಗಿತ್ತು. ಸೋಮವಾರವೇ ಬನ್ನಿ, ಇಲ್ಲದಿದ್ದರೆ ಜಾಗ ಬೇರೆಯವರ ಪಾಲಾಗುತ್ತದೆ ಎಂದಿದ್ದರು. ತಿಂಗಳುಗಟ್ಟಲೆ ಅಲ್ಲೇ ಇರಬೇಕು. ಅಂಗಡಿಗೆ ಬೀಗ. ಮಗಳ ಶಾಲೆಗೆ ರಜೆ. ಫಿಸಿಯೋಥೆರಪಿಯೂ ಬಂದ್.

ಆ ಕೊನೆಯ ಮಾತು ಹೇಳುವುದಕ್ಕೇ ಶನಿವಾರ ಮೂವರೂ ಫಿಸಿಯೋ ಮೇಡಂ ಹತ್ತಿರ ಹೋದರು. ಹಿಡಿದು ನಡೆಯುವ ಎರಡು ಮರದ ಕಂಬಿಗಳು, ಗೋಡೆಯುದ್ದದ ಕನ್ನಡಿ, ಸವೆದ ನೀಲಿ ಚಾಪೆ. ಕತ್ತು ನಿಲ್ಲದ ಕೂಸಾಗಿ ಓನರಮ್ಮ ಮೊದಲ ಸಲ ಮಲಗಿದ್ದು ಆ ಚಾಪೆಯ ಮೇಲೆಯೇ. ಈಗ ವಾಕರ್ ಹಿಡಿದು ಶಾಲೆಯ ಗೇಟಿನಿಂದ ತರಗತಿಯವರೆಗೆ ತಾನೇ ಹೋಗುತ್ತಾಳೆ. ಅದನ್ನು ನೆನೆದಾಗಲೆಲ್ಲ ಗಾಳಿಯಣ್ಣನಿಗೆ ಮೇಡಂಗೆ ಕೈಮುಗಿಯಬೇಕು ಅನ್ನಿಸುತ್ತಿತ್ತು. ಇವತ್ತು ಅದೇ ಕೈ ಹಿಸುಕಿಕೊಳ್ಳುತ್ತಾ ವಿಷಯ ಹೇಳಿದ.

ಮೇಡಂ ಬೈಯಲಿಲ್ಲ. "ಬೇಡ ಅಂತ ತಡೆಯೋಕೆ ನಾನ್ಯಾರು? ಆದ್ರೆ ಗೊತ್ತಿರೋದನ್ನ ಹೇಳದೆ ಕಳಿಸಿದ್ರೆ ತಪ್ಪಾಗುತ್ತೆ. ಆ ಕೋಣೆ ಸುಳ್ಳಲ್ಲ. ಆಳದ ನೀರಿಗಿಳಿದು ಸರ‍್ರನೆ ಮೇಲೆ ಬಂದು ತೊಂದರೆ ಆದವರಿಗೆ, ವಿಷದ ಹೊಗೆ ಕುಡಿದವರಿಗೆ, ಕೆಲವು ಮಾಯದ ಗಾಯಗಳಿಗೆ ಡಾಕ್ಟರುಗಳೇ ಅದನ್ನ ಬಳಸ್ತಾರೆ. ಆದ್ರೆ ಸೆರೆಬ್ರಲ್ ಪಾಲ್ಸಿಗೆ ಅದರಿಂದ ಲಾಭ ಇದೆ ಅಂತ ಸಾಬೀತಾಗಿಲ್ಲ."

"ಸಾಬೀತು ಅಂದ್ರೆ ಹೇಗೆ ಮೇಡಂ? ವಿಡಿಯೋದಲ್ಲಿ ಕಣ್ಣಾರೆ ನೋಡಿದೀನಿ."

"ಕೇಳಿ. ಮಕ್ಕಳನ್ನ ಎರಡು ಗುಂಪು ಮಾಡಿ ಪರೀಕ್ಷೆ ಮಾಡಿದಾರೆ. ಒಂದು ಗುಂಪಿಗೆ ಪೂರ್ತಿ ಒತ್ತಡ, ಶುದ್ಧ ಆಕ್ಸಿಜನ್. ಇನ್ನೊಂದಕ್ಕೂ ಅಂಥದ್ದೇ ಕೋಣೆ, ಆದ್ರೆ ಕಿವಿ ಅದುಮಿದ ಹಾಗಾಗೋಷ್ಟೇ ಒತ್ತಡ, ಒಳಗೆ ಮಾಮೂಲಿ ಗಾಳಿ. ಯಾರಿಗೆ ಯಾವುದು ಅಂತ ಅಪ್ಪ ಅಮ್ಮನಿಗೂ ಗೊತ್ತಿಲ್ಲ, ಪರೀಕ್ಷೆ ಮಾಡೋರಿಗೂ ಗೊತ್ತಿಲ್ಲ."

"ಆಮೇಲೆ?"

"ಎರಡೂ ಗುಂಪಿನ ಮಕ್ಕಳು ಸುಧಾರಿಸಿದ್ರು. ಹೆಚ್ಚುಕಮ್ಮಿ ಒಂದೇ ಸಮ."

ಗಾಳಿಯಣ್ಣ ತೊಡೆ ತಟ್ಟಿದ. "ನೋಡಿದ್ರಾ! ಎರಡೂ ಕೆಲಸ ಮಾಡ್ತು! ಅಂದ್ರೆ ಗಾಳಿ ಸಾಕು, ಆಕ್ಸಿಜನ್ನು ಬೋನಸ್ಸು!"

"ಅಯ್ಯೋ ರಾಮಾ, ಅದಲ್ಲ" ಎಂದು ಮೇಡಂಗೂ ನಗು ಬಂತು. "ಶುದ್ಧ ಆಕ್ಸಿಜನ್ ಸಿಕ್ಕಿದೋರಿಗೂ ಸಿಗದೋರಿಗೂ ಒಂದೇ ಫಲ ಬಂದ್ರೆ, ಕೆಲಸ ಮಾಡಿದ್ದು ಆ ಆಕ್ಸಿಜನ್ ಅಂತ ಹೇಳೋಕಾಗಲ್ಲ. ಮಕ್ಕಳು ಬೆಳೀತಾ ಬೆಳೀತಾ ತಾವೇ ಕಲೀತಾರೆ. ಚಿಕಿತ್ಸೆ ನಡೀತಿದೆ ಅನ್ನೋ ಹುಮ್ಮಸ್ಸಲ್ಲಿ ಮನೆಯವರು ಇನ್ನೂ ಹತ್ತಿರ ಕೂರ್ತಾರೆ, ಆಡಿಸ್ತಾರೆ. ನೋಡೋ ಕಣ್ಣಿಗೂ ಆಸೆ ಇರುತ್ತೆ. ಮೇಲಾಗಿ ಅದರಲ್ಲಿ ಅಪಾಯಾನೂ ಇದೆ. ಕಿವಿ ನೋವು ಬರಬಹುದು, ಕಿವಿಯ ತಮಟೆಗೆ ಪೆಟ್ಟಾಗಬಹುದು, ಫಿಟ್ಸ್ ಬರಬಹುದು. ಇವಳಿಗೆ ಚಿಕ್ಕವಳಿದ್ದಾಗ ಫಿಟ್ಸ್ ಇತ್ತಲ್ಲ?"

ಗಾಳಿಯಣ್ಣ ಹೌದೆಂದು ತಲೆಯಾಡಿಸಿದ. ಚಾಪೆಯ ಅಂಚು ಸವರಿದ. "ಏನಾದ್ರೂ ಮಾಡ್ಲೇಬೇಕಲ್ಲ ಮೇಡಂ. ಅಪ್ಪ ಅನ್ನಿಸ್ಕೊಂಡು ಕೈಕಟ್ಟಿ ಕೂತ್ಕೊಳ್ಳೋಕಾಗುತ್ತಾ? ಮತ್ತೆ, ಬೇರೆಯವರ ಕಣ್ಣಿಗೆ ಆಸೆ ಇರಬಹುದು. ನನಗಲ್ಲ. ಗಾಳಿ ವಿಷಯದಲ್ಲಿ ನನಗೆ ಟೋಪಿ ಹಾಕೋರು ಇನ್ನೂ ಹುಟ್ಟಿಲ್ಲ."

ಗೋಡೆಯ ಕನ್ನಡಿಯಲ್ಲಿ ತಾಯಿ ಮಗಳ ಕಣ್ಣು ಕಲೆತವು.

ಭಾನುವಾರ ಅಂಗಡಿಯ ಹಿಂದಿನ ಮನೆಯಲ್ಲಿ ಗಾಳಿಯಣ್ಣ ಬಟ್ಟೆ ಬ್ಯಾಗಿಗೆ ತುಂಬುತ್ತಿದ್ದಾಗ ಹೆಂಡತಿ ಹೊರಗಿನಿಂದ ಕೂಗಿದಳು. "ರೀ, ಕೋಪ ಮಾಡ್ಕೋಬೇಡಿ. ಸ್ಕೂಟರಿಗೆ ಎದುರಂಗಡಿಯಲ್ಲಿ ನೈಟ್ರೋಜನ್ ಹಾಕಿಸಿದೆ."

ಎದುರಂಗಡಿಯವನು ಟೈರಿಗೆ ಮಾಮೂಲಿ ಗಾಳಿಯ ಬದಲು ನೈಟ್ರೋಜನ್ ತುಂಬುವ ಯಂತ್ರ ತಂದಾಗಿನಿಂದ ಗಾಳಿಯಣ್ಣನ ಹೊಟ್ಟೆಯಲ್ಲಿ ಸಣ್ಣ ಉರಿಯಿತ್ತು. "ಅವನ ಹತ್ರಾನಾ? ಮನೇಲಿ ಬಾವಿ ಇಟ್ಕೊಂಡು ಪಕ್ಕದ್ಮನೆ ನಲ್ಲಿಗೆ ಕೊಡ ಹಿಡಿದ ಹಾಗಾಯ್ತು!" ಎಂದು ಹಾರಾಡುತ್ತಲೇ ಹೊರಗೆ ಬಂದ. ಎರಡೂ ಚಕ್ರದ ವಾಲ್ವಿಗೆ ಹೊಸ ಹಸಿರು ಮುಚ್ಚಳ. ನೈಟ್ರೋಜನ್ ತುಂಬಿದ ಗುರುತು ಅದು. ಬೈಯುತ್ತಲೇ ಬಗ್ಗಿ ಟೈರು ಅದುಮಿ ನೋಡಿದ. "ಸರಿ, ಒಂದು ರೌಂಡ್ ನೋಡೇಬಿಡ್ತೀನಿ" ಎಂದು ಕಿಕ್ ಹೊಡೆದ.

ತಿರುಗಿ ಬಂದವನ ಮುಖ ಅರಳಿತ್ತು. "ಶತ್ರುವಾದ್ರೂ ಒಪ್ಕೋಬೇಕು ಕಣೇ. ರಸ್ತೆ ಗುಂಡಿ ಗೊತ್ತೇ ಆಗ್ಲಿಲ್ಲ. ಹ್ಯಾಂಡಲ್ ಹೂವಿನ ಹಾಗಿದೆ. ಬ್ರೇಕೂ ಗಟ್ಟಿ ಹಿಡೀತು!"

"ಬ್ರೇಕೂನಾ?"

"ಬ್ರೇಕೂ!"

"ಹಾರ್ನು?" ಓನರಮ್ಮ ಕುರ್ಚಿಯಿಂದ ಕೇಳಿದಳು.

"ಅದೂ ಸ್ವಲ್ಪ ಇಂಪಾಗಿದೆ ಮಗಳೇ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಮುಷ್ಟಿ ಬಿಚ್ಚಿದಳು. ಒಳಗೆ ಸ್ಕೂಟರಿನ ಹಳೆಯ ಕಪ್ಪು ಮುಚ್ಚಳಗಳು. "ಸ್ಕೂಟರು ಎದುರಂಗಡಿಗೆ ಹೋಗೇ ಇಲ್ಲ ಕಣ್ರೀ. ಬೆಳಿಗ್ಗೆ ನೀವೇ ತುಂಬಿದ ಗಾಳಿ. ನಾವು ಬದಲಾಯಿಸಿದ್ದು ಮುಚ್ಚಳ ಮಾತ್ರ."

ಗಾಳಿಯಣ್ಣ ಟೈರನ್ನು ನೋಡಿದ, ಮುಚ್ಚಳ ನೋಡಿದ, ಹೆಂಡತಿಯನ್ನು ನೋಡಿದ. ಅಷ್ಟರಲ್ಲಿ ಮೂಲೆಯಿಂದ ಅವನದೇ ದನಿ ಕೇಳಿತು. ಅದೇ ಎದೆ ಉಬ್ಬಿಸಿದ ಗತ್ತು, ಅದೇ ಮೂಗಿನ ಸ್ವರ, ಸ್ವಲ್ಪ ನಿಧಾನ ಅಷ್ಟೇ. "ಗಾಳಿ ವಿಷಯದಲ್ಲಿ... ನನಗೆ ಟೋಪಿ ಹಾಕೋರು... ಇನ್ನೂ ಹುಟ್ಟಿಲ್ಲ." ಆಮೇಲೆ ಸ್ವಂತ ದನಿಯಲ್ಲಿ ಸೇರಿಸಿದಳು. "ಹುಟ್ಟಿ... ಎಂಟು ವರ್ಷ ಆಯ್ತಪ್ಪಾ."

ಗಾಳಿಯಣ್ಣ ಟೈರುಗಳ ಗುಡ್ಡೆಯ ಮೇಲೆ ಕುಸಿದು ಕೂತ. ಬ್ರೇಕಿಗೂ ಗಾಳಿಗೂ ಸಂಬಂಧ ಕಟ್ಟಿದವನು ತಾನು. ಹಾರ್ನು ಇಂಪಾಯಿತು ಅಂದವನೂ ತಾನೇ. ಸುಳ್ಳು ಹೇಳಿರಲಿಲ್ಲ, ನಿಜವಾಗಿಯೂ ಹಾಗೇ ಅನ್ನಿಸಿತ್ತು. ಹಾಗಾದರೆ ಆ ವಿಡಿಯೋದ ಅಪ್ಪ ಅಮ್ಮಂದಿರೂ ಸುಳ್ಳು ಹೇಳುತ್ತಿರಲಿಲ್ಲ. ಅವರಿಗೂ ಯಾರೋ ಹಸಿರು ಮುಚ್ಚಳ ತೋರಿಸಿದ್ದರು.

"ಮೇಡಂ ಹೇಳಿದ್ದು ಇದನ್ನೇ ಅಲ್ವೇನೇ?" ಎಂದ. ಆಮೇಲೆ ಇಷ್ಟು ದಿನ ಕೇಳದೇ ಇದ್ದ ಪ್ರಶ್ನೆಯನ್ನು ಮಗಳಿಗೆ ಕೇಳಿದ. "ಓನರಮ್ಮಾ, ನಿನಗೇನು ಬೇಕು?"

ಉತ್ತರ ತಡವಾಗಲಿಲ್ಲ. "ಶಾಲೆ ಬಿಡಲ್ಲ. ಅಂಗಡಿ ಮೆಟ್ಟಿಲು... ನಾನೇ ಹತ್ತಬೇಕು. ನೀನು... ಮೂಟೆ ಥರ... ಎತ್ತೋದು ಬೇಡ."

ಸೋಮವಾರ ಅವರು ಪಟ್ಟಣದ ಬಸ್ಸು ಹತ್ತಲಿಲ್ಲ, ಫಿಸಿಯೋ ಮೇಡಂ ಬಾಗಿಲು ತಟ್ಟಿದರು. ಮೆಟ್ಟಿಲು ಹತ್ತುವುದನ್ನೇ ಗುರಿಯಾಗಿ ಇಟ್ಟುಕೊಂಡು ಮೇಡಂ ಅಭ್ಯಾಸ ಹೇಳಿಕೊಟ್ಟರು. ಸೊಂಟದ ಕೀಲು ಜಾರದಂತೆ ಆಗಾಗ ನೋಡಿಸಬೇಕೆಂದು ಮಕ್ಕಳ ಡಾಕ್ಟರ ಹತ್ತಿರ ಕಳಿಸಿದರು. ಆ ಕೋಣೆಗೆಂದು ಎತ್ತಿಟ್ಟಿದ್ದ ಸಮಯವನ್ನೇ ಗಾಳಿಯಣ್ಣ ದಿನಾ ಸಂಜೆ ಮಗಳಿಗೆ ಕೊಟ್ಟ. ಹಳೆಯ ಪೈಪು ಬೆಸುಗೆ ಹಾಕಿ ಮೆಟ್ಟಿಲಿಗೆ ಹಿಡಿಕಂಬಿ ಕೂರಿಸಿದ. ಬೀಳುವುದು, ಅಳುವುದು, ಅಪ್ಪನನ್ನು ಅಣಕಿಸುವುದು, ಎಲ್ಲ ನಡೆಯಿತು. ಒಂದು ಸಂಜೆ ಕಂಬಿ ಹಿಡಿದು, ಬೆನ್ನ ಹಿಂದೆ ಅಮ್ಮನ ಕೈ ಇಟ್ಟುಕೊಂಡು, ಓನರಮ್ಮ ಮೇಲೆ ಬಂದಳು. ಕಾಲಿನ ಬಿಗಿತ ಹೋಗಿರಲಿಲ್ಲ, ವಾಕರೂ ಬೇಕಿತ್ತು. ಆದರೆ ಅಂಗಡಿಗೆ ಬಂದವಳು ಅವಳೇ.

ಗಾಳಿಯಣ್ಣ ಆಗಲೇ ಮೇಡಂಗೆ ಫೋನ್ ಮಾಡಿದ. "ಮೇಡಂ... ನೀವು ಅವತ್ತು ಹೇಳದೆ ಇದ್ದಿದ್ರೆ..." ಎಂದಷ್ಟೇ ಅಂದ.

"ಹೇಳಿದ್ದು ನಾನು. ನಿಮಗೆ ಅರ್ಥ ಮಾಡಿಸಿದೋರು ಮನೇಲೇ ಇದಾರೆ. ಥ್ಯಾಂಕ್ಸ್ ಅವರಿಗೆ ಹೇಳಿ" ಎಂದರು ಮೇಡಂ.

ಅಪ್ಪಂದಿರೇ, ಅಮ್ಮಂದಿರೇ, ಇಂಥ ವಿಡಿಯೋ ನಿಮ್ಮ ಫೋನಿಗೂ ಬರಬಹುದು. ನಿಮ್ಮ ಆಸೆ ತಪ್ಪಲ್ಲ, ಅದನ್ನು ಆತುರಕ್ಕೆ ಒಪ್ಪಿಸಬೇಡಿ. ಹಣ ಕಟ್ಟುವ ಮೊದಲು, ಶಾಲೆ ಬಿಡಿಸುವ ಮೊದಲು, ನಿಮ್ಮ ಮಗುವನ್ನು ನೋಡುವ ಡಾಕ್ಟರನ್ನು ಕೇಳಿ: ಇದು ಈ ತೊಂದರೆಗೆ ಕೆಲಸ ಮಾಡುತ್ತದೆಂದು ಸರಿಯಾದ ಪರೀಕ್ಷೆಯಲ್ಲಿ ಗೊತ್ತಾಗಿದೆಯೇ, ಅಪಾಯವೇನು ಎಂದು. ನಡೆಯುತ್ತಿರುವ ಅಭ್ಯಾಸ ನಿಲ್ಲಿಸಬೇಡಿ. ಮಗುವಿಗೆ ಏನು ಮಾಡಲು ಆಸೆಯಿದೆ ಎಂದು ಮಗುವನ್ನೇ ಕೇಳಿ, ಅಲ್ಲಿಂದ ಶುರುಮಾಡಿ.

ನಂಬಿಕೆ ಬರದಿದ್ದರೆ ಟೈರ್ ಅಂಗಡಿಗೆ ಬನ್ನಿ. ಗಾಳಿ ಹಾಕಿಸಲು ಬಂದವರಿಗೆಲ್ಲ ಓನರಮ್ಮ ಆ ಭಾನುವಾರದ ಕಥೆಯನ್ನು ಅಪ್ಪನ ದನಿಯಲ್ಲೇ ಆಡಿ ತೋರಿಸುತ್ತಾಳೆ. ಹಾರ್ನು ಇಂಪಾದ ಜಾಗ ಬಂದಾಗ ಗಿರಾಕಿಗಳು ಬಿದ್ದು ಬಿದ್ದು ನಗುತ್ತಾರೆ. ಅವರೆಲ್ಲರ ನಗುವನ್ನೂ ಮುಳುಗಿಸಿ, ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಣ್ಣೊರೆಸಿಕೊಳ್ಳುತ್ತಾ ನಗುವವನು ಗಾಳಿಯಣ್ಣ.